ಸಿಡಿಲು ಬಡಿದರೆ ವೇಗ ಬರುತ್ತಾ? ಹಳೆ ಸೂಪರ್‌ಹೀರೊ ಕಾಮಿಕ್ಸ್‌ನಲ್ಲಿ ಸೈನ್ಸ್ ಹುಡುಕುವುದು ಎಲ್ಲಿ

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮಗನ ಜೊತೆ ಕೂತು 1950-60ರ ದಶಕದ ಅಮೆರಿಕದ ಕಾಮಿಕ್ಸ್ ಓದಲು ಶುರು ಮಾಡಿದ್ದೇನೆ. ಚಿತ್ರಗಳು ತುಂಬಾ ಹಿಡಿಸಿವೆ. ಆದರೆ ಸಿಡಿಲು ಬಡಿದವನು ಗುಂಡಿಗಿಂತ ಜೋರಾಗಿ ಓಡುತ್ತಾನೆ, ನಕ್ಷತ್ರದ ತುಂಡು ಸಿಕ್ಕವನು ಇರುವೆಯಷ್ಟು ಚಿಕ್ಕವನಾಗುತ್ತಾನೆ. ಇದನ್ನೆಲ್ಲ ಸೈನ್ಸ್ ಫಿಕ್ಷನ್ ಅಂತ ಒಪ್ಪುವುದು ಹೇಗೆ? ಮಂತ್ರದ ಜಾಗದಲ್ಲಿ ಸುಮ್ನೆ ಒಂದು ಸೈನ್ಸ್ ಪದ ಹಾಕಿದ್ದಾರೆ ಅನ್ನಿಸುತ್ತದೆ. ಇನ್ನೂ ಓದುವುದಾದರೆ ಯಾವ ಕಥೆಗಳಿಂದ ಶುರು ಮಾಡಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಸಿಡಿಲಿನ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಅದನ್ನು ಯಾರೂ ಸಮರ್ಥಿಸಲಾರರು, ಸಮರ್ಥಿಸುವ ಅಗತ್ಯವೂ ಇಲ್ಲ. ಆದರೆ ನೀವು ಸೈನ್ಸ್ ಹುಡುಕುತ್ತಿರುವ ಜಾಗವೇ ಬೇರೆ. ಈ ಕಥೆಗಳಲ್ಲಿ ನಾಯಕನಿಗೆ ಶಕ್ತಿ ಹೇಗೆ ಬಂತು ಅನ್ನುವುದು ಒಂದೆರಡು ಪುಟದಲ್ಲಿ ಮುಗಿದುಹೋಗುತ್ತದೆ. ಬರೆದವರಿಗೂ ಅಲ್ಲಿ ಜಾಸ್ತಿ ಆಸಕ್ತಿ ಇರಲಿಲ್ಲ. ಅವರ ತಲೆ ಓಡುವುದು ಆಮೇಲೆ. ಒಬ್ಬನಿಗೆ ಅಂಥ ವೇಗ ಬಂದೇಬಿಟ್ಟಿದೆ ಅಂತ ಇಟ್ಟುಕೊಳ್ಳಿ, ಈಗ ಅವನ ಕಣ್ಣಿಗೆ ಜಗತ್ತು ಹೇಗೆ ಕಾಣಬೇಕು? ಈ ಪ್ರಶ್ನೆಯನ್ನು ಅವರು ಬಹಳ ಗಟ್ಟಿಯಾಗಿ ಹಿಡಿದು ಹೋಗುತ್ತಾರೆ. ಸೈನ್ಸ್ ಇರುವುದು ಅಲ್ಲಿ.

ನೀವು ಓದಿದ ಫ್ಲ್ಯಾಶ್ ಕಥೆಯನ್ನೇ ತೆಗೆದುಕೊಳ್ಳೋಣ. 1956ರ ಅಕ್ಟೋಬರ್ ತಾರೀಖಿನ 'ಶೋಕೇಸ್' 4ನೇ ಸಂಚಿಕೆ. ರಾಬರ್ಟ್ ಕ್ಯಾನಿಗರ್ ಬರೆದದ್ದು, ಕಾರ್ಮೈನ್ ಇನ್ಫಂಟೀನೊ ಪೆನ್ಸಿಲ್ ಕೆಲಸ, ಜೋ ಕ್ಯೂಬರ್ಟ್ ಶಾಯಿ. ಮುಂದೆ ಫ್ಲ್ಯಾಶ್ ಆಗುವ ಬ್ಯಾರಿ ಆಲನ್ ಪೊಲೀಸ್ ಪ್ರಯೋಗಾಲಯದ ವಿಜ್ಞಾನಿ. ಕಿಟಕಿಯಿಂದ ಸಿಡಿಲು ನುಗ್ಗಿ ರಾಸಾಯನಿಕಗಳ ಕಪಾಟಿಗೆ ಹೊಡೆಯುತ್ತದೆ, ಎಲ್ಲವೂ ಅವನ ಮೈಮೇಲೆ ಚೆಲ್ಲುತ್ತದೆ. ಅಷ್ಟೇ, ಶಕ್ತಿಯ ಕಥೆ ಮುಗಿಯಿತು. ಆಮೇಲೆ ಅವನು ಒಂದು ಟ್ಯಾಕ್ಸಿ ಹಿಡಿಯಲು ಓಡುತ್ತಾನೆ, ಟ್ಯಾಕ್ಸಿಯನ್ನೇ ದಾಟಿ ಮುಂದೆ ಹೋಗಿಬಿಡುತ್ತಾನೆ. ತಲೆ ಕೆಟ್ಟಂತಾಗಿ ಒಂದು ಹೋಟೆಲಿಗೆ ಹೋಗಿ ಕೂರುತ್ತಾನೆ. ಅಲ್ಲಿ ಪರಿಚಾರಕಿ ಎಡವುತ್ತಾಳೆ. ಅವಳ ಕೈಯಲ್ಲಿದ್ದ ತಟ್ಟೆ, ಕಪ್ಪು, ತಿಂಡಿ ಎಲ್ಲಾ ಗಾಳಿಗೆ ಹಾರುತ್ತವೆ, ಹಾರಿ ಅಲ್ಲೇ ನಿಲ್ಲುತ್ತವೆ. ಬ್ಯಾರಿ ಎದ್ದು ಒಂದೊಂದನ್ನೇ ಹಿಡಿದು ಮತ್ತೆ ಟ್ರೇ ಮೇಲೆ ಇಡುತ್ತಾನೆ. ಬೇರೆಯವರ ಕಣ್ಣಿಗೆ ಏನೂ ಆಗಿಯೇ ಇಲ್ಲ.

ಆ ಚೌಕವನ್ನು ಇನ್ನೊಮ್ಮೆ ತೆಗೆದು ನೋಡಿ. ಅಲ್ಲಿ ಓಟವೇ ಇಲ್ಲ, ಗಾಳಿಯ ಗೆರೆಗಳೂ ಇಲ್ಲ. ವೇಗ ಅಂದರೆ ಏನು ಅಂತ ತೋರಿಸಲು ಇನ್ಫಂಟೀನೊ ಜಗತ್ತನ್ನೇ ನಿಲ್ಲಿಸಿದ್ದಾರೆ. ನೋಡುವವನು ವೇಗವಾದರೆ ನೋಡಲ್ಪಡುವುದು ನಿಧಾನವಾಗುತ್ತದೆ, ಅಲ್ವಾ? ನೀವು ತರಗತಿಯಲ್ಲಿ ಹೇಳುವ ಮಾತೇ ಇದು. ಅದೇ ಕಥೆಯಲ್ಲಿ ಮುಂದೆ ಒಂದು ಗುಂಡು ಅವನ ಗೆಳತಿ ಐರಿಸ್ ಕಡೆ ಬರುವುದು ಕೂಡ ಹೀಗೇ ಮೆಲ್ಲಗೆ ತೇಲಿಕೊಂಡು ಬಂದಂತೆ ಅವನಿಗೆ ಕಾಣುತ್ತದೆ. ಅಷ್ಟು ವೇಗಕ್ಕೆ ಗಾಳಿಯ ತಿಕ್ಕಾಟದಿಂದಲೇ ಮೈ ಸುಟ್ಟುಹೋಗಬೇಕಲ್ಲ ಅಂತ ನೀವು ಕೇಳುತ್ತೀರಿ. ಆಗಿನ ಓದುಗರಿಗೂ ಈ ಅನುಮಾನ ಬರುವಂಥದ್ದೇ. ಅದಕ್ಕೆ ಅಂತಲೇ ಅವನ ಮೈಸುತ್ತ ಒಂದು ರಕ್ಷಣೆಯ ಪದರ ಇದೆ ಅನ್ನುವ ನಿಯಮವನ್ನು ಮುಂದಿನ ಕಥೆಗಳು ಸೇರಿಸಿಕೊಂಡವು. ನಿಯಮ ಕಟ್ಟುಕಥೆಯೇ ಇರಬಹುದು. ಆದರೆ ನಿಯಮ ಬೇಕು ಅನ್ನಿಸಿತಲ್ಲ, ಅದು ಮುಖ್ಯ. ಮಂತ್ರದ ಕಥೆಗೆ ಆ ಅಗತ್ಯ ಬೀಳುವುದೇ ಇಲ್ಲ.

ಈ ಹಟ ಎಲ್ಲಿಂದ ಬಂತು ಅಂದರೆ, ಈ ಕಾಮಿಕ್ಸ್ ಮಾಡಿದವರು ಯಾರು ಅಂತ ನೋಡಬೇಕು. ಆ ಸಂಚಿಕೆಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್. 1915ರಲ್ಲಿ ಹುಟ್ಟಿದ ಈ ಮನುಷ್ಯ ಹುಡುಗನಾಗಿದ್ದಾಗಲೇ ಸೈನ್ಸ್ ಫಿಕ್ಷನ್ ಹುಚ್ಚು ಹಿಡಿಸಿಕೊಂಡಿದ್ದವರು. 1932ರಲ್ಲಿ, ಅಂದರೆ ಇನ್ನೂ ಹದಿನೇಳು ತುಂಬುವ ವಯಸ್ಸಿನಲ್ಲಿ, ಗೆಳೆಯ ಮಾರ್ಟ್ ವೈಸಿಂಗರ್ ಮತ್ತಿತರರ ಜೊತೆ ಸೇರಿ 'ದ ಟೈಮ್ ಟ್ರಾವೆಲರ್' ಅನ್ನುವ ಅಭಿಮಾನಿ ಪತ್ರಿಕೆ ಮಾಡಿದರು. ಎರಡು ವರ್ಷ ಕಳೆದು ಅದೇ ಇಬ್ಬರು ಸೈನ್ಸ್ ಫಿಕ್ಷನ್ ಲೇಖಕರ ಕಥೆಗಳನ್ನು ಪತ್ರಿಕೆಗಳಿಗೆ ಮಾರಿಕೊಡುವ ಏಜೆನ್ಸಿ ಶುರು ಮಾಡಿದರು. ರೇ ಬ್ರಾಡ್ಬರಿಯ ಮೊದಮೊದಲ ಕಥೆಗಳನ್ನು ಮಾರಿಕೊಟ್ಟವರು ಶ್ವಾರ್ಟ್ಜ್. 1944ರಲ್ಲಿ ಅವರು ಕಾಮಿಕ್ಸ್ ಕಂಪನಿಗೆ ಬಂದರು. ವೈಸಿಂಗರ್ ಅಷ್ಟರೊಳಗೆ ಬಂದು ಸೇರಿಕೊಂಡಿದ್ದರು, ಮುಂದೆ ಸೂಪರ್‌ಮ್ಯಾನ್ ಪುಸ್ತಕಗಳೆಲ್ಲ ಅವರ ಕೈಗೆ ಬಂದವು. ಒಬ್ಬರ ಹತ್ತಿರ ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್. ಇನ್ನೊಬ್ಬರ ಹತ್ತಿರ ಸೂಪರ್‌ಮ್ಯಾನ್. ಇಬ್ಬರೂ ಒಂದೇ ಅಭಿಮಾನಿ ಗುಂಪಿನಿಂದ ಬಂದವರು.

ಇನ್ನೂ ಹಿಂದೆ ಹೋದರೆ ಸೂಪರ್‌ಮ್ಯಾನ್ ಹುಟ್ಟಿದ್ದೂ ಹಾಗೇ. ಕ್ಲೀವ್‌ಲ್ಯಾಂಡಿನ ಹೈಸ್ಕೂಲ್ ಹುಡುಗ ಜೆರ್ರಿ ಸೀಗಲ್ 1933ರಲ್ಲಿ 'ಸೈನ್ಸ್ ಫಿಕ್ಷನ್' ಅಂತಲೇ ಹೆಸರಿಟ್ಟು ಸೈಕ್ಲೋಸ್ಟೈಲ್ ಪತ್ರಿಕೆ ತೆಗೆಯುತ್ತಿದ್ದ. ಸೂಪರ್‌ಮ್ಯಾನ್ ಅನ್ನುವ ಹೆಸರು ಮೊದಲು ಬಂದದ್ದು ಅದರಲ್ಲಿ, ಒಬ್ಬ ಕೇಡಿಯ ಹೆಸರಾಗಿ. ಚಿತ್ರ ಬರೆದವನು ಜೋ ಶುಸ್ಟರ್. ಐದು ವರ್ಷ ಬಿಟ್ಟು, 1938ರ ಜೂನ್ ತಾರೀಖಿನ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ, ನಮಗೆ ಗೊತ್ತಿರುವ ಸೂಪರ್‌ಮ್ಯಾನ್ ಬಂದ. ಬೆಲೆ ಹತ್ತು ಸೆಂಟ್. ಮೊದಲ ಪುಟದಲ್ಲೇ ಅವನ ಶಕ್ತಿಗೆ ವೈಜ್ಞಾನಿಕ ಕಾರಣ ಕೊಡುವ ಚೌಕಗಳಿವೆ. ಇರುವೆ ತನ್ನ ತೂಕದ ನೂರಾರು ಪಟ್ಟು ಹೊರುತ್ತದೆ, ಮಿಡತೆ ತನ್ನ ಮೈಗಿಂತ ಎಷ್ಟೋ ದೂರ ಹಾರುತ್ತದೆ, ಇವನೂ ಹಾಗೇ ಅಂತ. ಆಗ ಅವನಿಗೆ ಹಾರಾಡಲು ಬರುತ್ತಿರಲಿಲ್ಲ, ನೆಗೆಯುತ್ತಿದ್ದ, ಅದೂ ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್. ಇರುವೆಯ ವಾದ ನಿಲ್ಲುವುದಿಲ್ಲ ಅಂತ ನಿಮಗೆ ಗೊತ್ತು. ಇರುವೆಯನ್ನು ಮನುಷ್ಯನಷ್ಟು ದೊಡ್ಡದು ಮಾಡಿದರೆ ತೂಕ ಉದ್ದದ ಘನದ ಲೆಕ್ಕದಲ್ಲಿ ಏರುತ್ತದೆ, ಕಾಲಿನ ಬಲ ವರ್ಗದ ಲೆಕ್ಕದಲ್ಲಿ ಮಾತ್ರ, ಅದು ಎದ್ದು ನಿಲ್ಲಲೂ ಆಗದೆ ಕುಸಿಯುತ್ತದೆ. ನಿಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಲೆಕ್ಕ ಸಿಗಲಿಕ್ಕಿಲ್ಲ, ಆ ಪುಟ ತೋರಿಸಿ ತಪ್ಪು ಹುಡುಕಿ ಅನ್ನಿ.

ನಡುವೆ ಮಂತ್ರದ ಕಾಲವೂ ಒಂದಿತ್ತು. 1940ರಲ್ಲಿ ಬಂದ ಮೊದಲ ಗ್ರೀನ್ ಲ್ಯಾಂಟರ್ನ್ ಕೈಯಲ್ಲಿದ್ದದ್ದು ಮಾಯಾ ದೀಪ. ಆಗಿನ ಹಾಕ್‌ಮ್ಯಾನ್ ಪ್ರಾಚೀನ ಈಜಿಪ್ಟಿನ ರಾಜಕುಮಾರನ ಪುನರ್ಜನ್ಮ. ಮಹಾಯುದ್ಧ ಮುಗಿದ ಮೇಲೆ ಜನಕ್ಕೆ ಸೂಪರ್‌ಹೀರೊಗಳು ಬೇಜಾರಾದರು, ಒಂದೊಂದೇ ಪುಸ್ತಕ ನಿಂತುಹೋಯಿತು. 1956ರ ನಂತರ ಶ್ವಾರ್ಟ್ಜ್ ಅದೇ ಹೆಸರುಗಳನ್ನು ಎತ್ತಿಕೊಂಡು ಒಳಗಿನದನ್ನೆಲ್ಲ ಬದಲಾಯಿಸಿದರು. 1959ರಲ್ಲಿ ಬಂದ ಹೊಸ ಗ್ರೀನ್ ಲ್ಯಾಂಟರ್ನ್ ವಿಮಾನಗಳನ್ನು ಪರೀಕ್ಷೆ ಮಾಡುವ ಪೈಲಟ್, ಅವನಿಗೆ ಶಕ್ತಿಯ ಉಂಗುರ ಕೊಟ್ಟದ್ದು ಭೂಮಿಗೆ ಬಿದ್ದು ಸಾಯುತ್ತಿರುವ ಅನ್ಯಗ್ರಹದ ಪೊಲೀಸ್. ಹಾಕ್‌ಮ್ಯಾನ್ 1961ರಲ್ಲಿ ಥನಗಾರ್ ಗ್ರಹದ ಪೊಲೀಸನಾದ. ಅದೇ ವರ್ಷ ಬಂದವನು ಆ್ಯಟಮ್, ನೀವು ಹೇಳಿದ ನಕ್ಷತ್ರದ ತುಂಡಿನವನು. ಅವನ ಹೆಸರು ರೇ ಪಾಮರ್. 'ಅಮೇಝಿಂಗ್ ಸ್ಟೋರೀಸ್' ಪತ್ರಿಕೆಯ ಸಂಪಾದಕರಾಗಿದ್ದ, ಸ್ವತಃ ಬಹಳ ಕುಳ್ಳಗಿದ್ದ ರೇಮಂಡ್ ಪಾಮರ್ ಅವರ ಹೆಸರನ್ನೇ ಇಟ್ಟಿದ್ದು. ಹಳೆ ಗೆಳೆಯರ ನಡುವಿನ ಪ್ರೀತಿ ಅದು.

ಆ ತುಂಡಿನ ಬಗ್ಗೆಯೂ ಒಂದು ಮಾತು. ಅದು ಶ್ವೇತ ಕುಬ್ಜ ನಕ್ಷತ್ರದ ತುಂಡು. ಅಂಥ ನಕ್ಷತ್ರ ಇರುವುದು ನಿಜ, ಅದರ ಸಾಂದ್ರತೆ ಭಯಂಕರ ಅನ್ನುವುದೂ ನಿಜ. ಘನ ಸೆಂಟಿಮೀಟರಿಗೆ ಒಂದು ಟನ್ನಿನ ಆಸುಪಾಸು. ಕಡಲೆಕಾಳಿನಷ್ಟು ತುಂಡು ಕೂಡ ನೂರಾರು ಕಿಲೋ ತೂಗಬೇಕು. ಕಥೆಯಲ್ಲಿ ರೇ ಪಾಮರ್ ದೊಡ್ಡ ತುಂಡನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡು ಕಾರಿನ ಕಡೆ ನಡೆಯುತ್ತಾನೆ. ಇದು ತಪ್ಪು, ದೊಡ್ಡ ತಪ್ಪು. ಆದರೆ 1961ರಲ್ಲಿ ಒಬ್ಬ ಹತ್ತು ವರ್ಷದ ಹುಡುಗನಿಗೆ ಶ್ವೇತ ಕುಬ್ಜ ಅನ್ನುವ ವಸ್ತು ಇದೆ ಅಂತ ಗೊತ್ತಾಗಲು ಬೇರೆ ಎಷ್ಟು ದಾರಿ ಇತ್ತು? ಈ ಕಥೆಗಳನ್ನು ಬರೆದ ಗಾರ್ಡ್ನರ್ ಫಾಕ್ಸ್‌ಗೆ ಓದುವ ಹುಚ್ಚು. ಎಲ್ಲೆಲ್ಲಿಂದಲೋ ಓದಿದ್ದನ್ನು ತಂದು ಕಥೆಯ ನಡುವೆ ಇಡುತ್ತಿದ್ದರು. ಅದರಲ್ಲಿ ಅರ್ಧ ಸರಿ, ಅರ್ಧ ಅವಸರ.

ಇನ್ನು ಈ ಕಥೆಗಳು ಯಾಕೆ ಇಷ್ಟು ವಿಚಿತ್ರವಾಗಿರುತ್ತವೆ ಅನ್ನುವುದಕ್ಕೆ ಒಂದು ಕಾರಣ ಇದೆ, ಇದು ಗೊತ್ತಾದ ಮೇಲೆ ನೀವು ಓದುವ ರೀತಿಯೇ ಬದಲಾಗುತ್ತದೆ. ಶ್ವಾರ್ಟ್ಜ್ ಅವರ ಕಚೇರಿಯಲ್ಲಿ ಎಷ್ಟೋ ಸಲ ಮೊದಲು ತಯಾರಾಗುತ್ತಿದ್ದದ್ದು ಮುಖಪುಟ. ಕಥೆ ಆಮೇಲೆ. ಅಂಗಡಿಯ ತಂತಿ ಸ್ಟ್ಯಾಂಡಿನಲ್ಲಿ ಹತ್ತಾರು ಪುಸ್ತಕ ನೇತಾಡುತ್ತಿವೆ, ಹುಡುಗನ ಕೈಯಲ್ಲಿ ಇರುವುದು ಒಂದೇ ಒಂದು ನಾಣ್ಯ. ಅವನನ್ನು ನಿಲ್ಲಿಸುವಂಥ ಚಿತ್ರ ಬೇಕು. ಸಾಧ್ಯವೇ ಇಲ್ಲ ಅನ್ನಿಸುವ ಸನ್ನಿವೇಶವೊಂದನ್ನು ಚಿತ್ರಗಾರ ಬರೆಯುತ್ತಿದ್ದ. ಅದನ್ನು ಮುಂದಿಟ್ಟುಕೊಂಡು ಶ್ವಾರ್ಟ್ಜ್ ಮತ್ತು ಲೇಖಕ, ಹೆಚ್ಚಾಗಿ ಫಾಕ್ಸ್ ಇಲ್ಲ ಜಾನ್ ಬ್ರೂಮ್, ಇದು ಹೇಗೆ ಆಗಿರಬಹುದು ಅಂತ ಕೂತು ಬಿಡಿಸುತ್ತಿದ್ದರು.

1951ರ 'ಸ್ಟ್ರೇಂಜ್ ಅಡ್ವೆಂಚರ್ಸ್' 8ನೇ ಸಂಚಿಕೆಯ ಮುಖಪುಟದಲ್ಲಿ ಪಂಜರದೊಳಗೆ ಒಂದು ಗೊರಿಲ್ಲಾ ಇದೆ. ಹೊರಗೆ ನಿಂತ ಹೆಂಗಸಿಗೆ ಅದು ಬರಹದಲ್ಲಿ ತಿಳಿಸುತ್ತಿದೆ, ತಾನು ಒಂದು ಭಯಾನಕ ಪ್ರಯೋಗಕ್ಕೆ ಬಲಿಯಾದವನು, ದಯವಿಟ್ಟು ನಂಬು ಅಂತ. ಆ ಸಂಚಿಕೆ ಚೆನ್ನಾಗಿ ಮಾರಾಟವಾಯಿತು. ತಗೊಳ್ಳಿ, ಆಮೇಲೆ ಎಲ್ಲಿ ನೋಡಿದರೂ ಗೊರಿಲ್ಲಾಗಳೇ! ಫ್ಲ್ಯಾಶ್‌ನ ಶತ್ರು ಗೊರಿಲ್ಲಾ ಗ್ರಾಡ್ ಬಂದದ್ದು 1959ರಲ್ಲಿ. ಅವನು ಬುದ್ಧಿವಂತ ಗೊರಿಲ್ಲಾಗಳ ಗುಪ್ತ ನಗರದಿಂದ ಬಂದವನು. ಮೃಗದ ಮೈಯೊಳಗೆ ಮನುಷ್ಯನ ಬುದ್ಧಿ ಸಿಕ್ಕಿಹಾಕಿಕೊಂಡಿದ್ದರೆ ಅದು ಹೊರಗಿನವರಿಗೆ ತಿಳಿಸುವುದು ಹೇಗೆ ಅನ್ನುವುದು ಒಳ್ಳೆಯ ಸೈನ್ಸ್ ಫಿಕ್ಷನ್ ಪ್ರಶ್ನೆಯೇ. ಹಾಗಂತ ಈ ಪದ್ಧತಿಯಲ್ಲಿ ಕೊರತೆ ಇಲ್ಲ ಅಂತಲ್ಲ. ಮುಖಪುಟದ ಒಗಟು ದೊಡ್ಡದಾಗಿ, ಬಿಡಿಸುವ ಪುಟ ಸಾಲದೆ, ಕೊನೆಯ ಚೌಕದಲ್ಲಿ ಒಬ್ಬ ಪಾತ್ರ ನಿಂತು ಕಾರಣವನ್ನೆಲ್ಲ ಗಡಿಬಿಡಿಯಲ್ಲಿ ಹೇಳಿಬಿಡುವ ಕಥೆಗಳು ರಾಶಿ ಇವೆ. ಅವು ನಿಮಗೆ ಸಿಕ್ಕಿಯೇ ಸಿಗುತ್ತವೆ. ಬಿಟ್ಟು ಮುಂದೆ ಹೋಗಿ.

ಈ ಪದ್ಧತಿ ಅತ್ಯುತ್ತಮವಾಗಿ ಫಲ ಕೊಟ್ಟದ್ದು 1961ರ ಸೆಪ್ಟೆಂಬರ್ ತಾರೀಖಿನ 'ದ ಫ್ಲ್ಯಾಶ್' 123ನೇ ಸಂಚಿಕೆಯಲ್ಲಿ. ಮುಖಪುಟದಲ್ಲಿ ನಡುವೆ ಒಂದು ಗೋಡೆ. ಒಂದು ಕಡೆಯಿಂದ ಹೊಸ ಫ್ಲ್ಯಾಶ್, ಇನ್ನೊಂದು ಕಡೆಯಿಂದ 1940ರ ಹಳೆ ಫ್ಲ್ಯಾಶ್, ಇಬ್ಬರೂ ಅಪಾಯದಲ್ಲಿರುವ ಒಬ್ಬನೇ ಮನುಷ್ಯನ ಕಡೆ ಓಡಿ ಬರುತ್ತಿದ್ದಾರೆ, ಒಬ್ಬನಿಗೆ ಇನ್ನೊಬ್ಬ ಕಾಣುತ್ತಿಲ್ಲ. ಈಗ ತೊಡಕು ನೋಡಿ. 1956ರ ಕಥೆಯಲ್ಲೇ ಬ್ಯಾರಿ ಆಲನ್ ಹಳೆ ಫ್ಲ್ಯಾಶ್‌ನ ಕಾಮಿಕ್ಸ್ ಓದುತ್ತಾ ಕೂತಿರುತ್ತಾನೆ. ಅಂದರೆ ಅವನ ಪಾಲಿಗೆ ಹಳೆ ಫ್ಲ್ಯಾಶ್ ಬರೀ ಕಥೆಯ ಪಾತ್ರ. ಕಥೆಯ ಪಾತ್ರ ಎದುರಿಗೆ ಬರುವುದು ಹೇಗೆ? ಫಾಕ್ಸ್ ಕೊಟ್ಟ ಉತ್ತರ ಇದು: ಒಂದೇ ಜಾಗದಲ್ಲಿ ಎರಡು ಭೂಮಿಗಳಿವೆ, ಬೇರೆ ಬೇರೆ ಕಂಪನದಲ್ಲಿ ಇರುವುದರಿಂದ ಒಂದು ಇನ್ನೊಂದಕ್ಕೆ ತಾಗುವುದಿಲ್ಲ. ಮಕ್ಕಳ ಮುಂದೆ ಒಂದು ಪ್ರದರ್ಶನ ಕೊಡುವಾಗ ಬ್ಯಾರಿ ತನ್ನ ಮೈಯನ್ನು ಅತಿ ಜೋರಾಗಿ ಕಂಪಿಸಿ, ಗೊತ್ತಿಲ್ಲದೆ ಆ ಕಡೆಯ ಭೂಮಿಗೆ ಹೋಗಿಬಿಡುತ್ತಾನೆ. ಅಲ್ಲಿ ಹಳೆ ಫ್ಲ್ಯಾಶ್ ಜೇ ಗ್ಯಾರಿಕ್ ನಿಜವಾಗಿಯೂ ಇದ್ದಾನೆ, ಬ್ಯಾರಿ ಅವನ ವಿಳಾಸವನ್ನು ಟೆಲಿಫೋನ್ ಡೈರೆಕ್ಟರಿಯಲ್ಲಿ ಹುಡುಕುತ್ತಾನೆ! ಹಾಗಾದರೆ ಈ ಭೂಮಿಯ ಕಾಮಿಕ್ಸ್‌ನಲ್ಲಿ ಅವನ ಕಥೆ ಬಂದದ್ದು ಹೇಗೆ? ಅದನ್ನು ಬರೆದ ಗಾರ್ಡ್ನರ್ ಫಾಕ್ಸ್ ಅನ್ನುವ ಲೇಖಕನಿಗೆ ಕನಸಿನಲ್ಲಿ ಆ ಭೂಮಿಯ ಸಂಗತಿಗಳು ಕಾಣುತ್ತಿದ್ದವಂತೆ. 1940ರ ಫ್ಲ್ಯಾಶ್ ಕಥೆಗಳನ್ನು ನಿಜವಾಗಿ ಬರೆದವರೂ ಅದೇ ಫಾಕ್ಸ್. ಇಂದು ಸಿನಿಮಾಗಳಲ್ಲಿ ಸಾವಿರ ಕೋಟಿ ಸುರಿದು ತೋರಿಸುವ ಬಹುವಿಶ್ವದ ಸೂಪರ್‌ಹೀರೊ ಕಥೆಗಳಿಗೆಲ್ಲ ದಾರಿ ಮಾಡಿದ್ದು ಈ ಒಂದು ತೆಳು ಪುಸ್ತಕ. ಮಂತ್ರಕ್ಕೂ ಇದಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಒಂದು ನಿಯಮ ಒಪ್ಪಿಕೊಂಡರೆ ಉಳಿದ ಪ್ರಶ್ನೆಗಳಿಗೆಲ್ಲ ಅದರಿಂದಲೇ ಉತ್ತರ ಸಿಗುತ್ತದೆ.

ಆದರೂ ಭೌತಶಾಸ್ತ್ರದವರು ಮೊದಲು ಓದಬೇಕಾದದ್ದು ಆ್ಯಡಂ ಸ್ಟ್ರೇಂಜ್ ಅಂತ ನನ್ನ ಅಭಿಪ್ರಾಯ. 1958ರಲ್ಲಿ 'ಶೋಕೇಸ್' 17ನೇ ಸಂಚಿಕೆಯಲ್ಲಿ ಶುರುವಾಗಿ ಆಮೇಲೆ 'ಮಿಸ್ಟರಿ ಇನ್ ಸ್ಪೇಸ್'ನಲ್ಲಿ ಮುಂದುವರಿಯಿತು. ಇವನು ಪುರಾತತ್ವ ತಜ್ಞ, ಯಾವ ಅತಿಮಾನುಷ ಶಕ್ತಿಯೂ ಇಲ್ಲ. ಪೆರುವಿನಲ್ಲಿ ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ಕಂದಕ ಹಾರುವಾಗ ನಡುಗಾಳಿಯಲ್ಲಿ ಒಂದು ಕಿರಣ ಬಡಿದು ರಾನ್ ಗ್ರಹಕ್ಕೆ ಹೋಗಿಬಿಡುತ್ತಾನೆ. ರಾನ್ ಇರುವುದು ಆಲ್ಫಾ ಸೆಂಟಾರಿ ನಕ್ಷತ್ರದ ಸುತ್ತ, ಕಥೆಯಲ್ಲಿ ಕೊಡುವ ದೂರ 25 ಲಕ್ಷ ಕೋಟಿ ಮೈಲಿ. ಲೆಕ್ಕ ಹಾಕಿ ನೋಡಿ, ಸರಿಯಾಗಿದೆ, ಸುಮಾರು 4.3 ಜ್ಯೋತಿರ್ವರ್ಷ. ಕಿರಣ ಬೆಳಕಿನ ವೇಗದಲ್ಲೇ ಬರುವುದರಿಂದ ಇಂದು ತಲುಪುವ ಕಿರಣ ಹೊರಟದ್ದು ನಾಲ್ಕು ವರ್ಷ ಚಿಲ್ಲರೆ ಹಿಂದೆ. ಮುಂದಿನ ಕಿರಣ ಭೂಮಿಯ ಯಾವ ಜಾಗಕ್ಕೆ, ಯಾವ ಗಳಿಗೆಗೆ ಬೀಳುತ್ತದೆ ಅಂತ ಅವನು ಲೆಕ್ಕ ಹಾಕಿಟ್ಟುಕೊಂಡು ಅಲ್ಲಿಗೆ ಹೋಗಿ ಕಾಯಬೇಕು, ಒಂದು ಕ್ಷಣ ತಡವಾದರೂ ತಪ್ಪಿತು. ಆಲ್ಫಾ ಸೆಂಟಾರಿ ದಕ್ಷಿಣದ ಆಕಾಶದ್ದು, ಹಾಗಾಗಿ ಕಿರಣಗಳು ಬೀಳುವುದು ದಕ್ಷಿಣಾರ್ಧಗೋಳದಲ್ಲಿ. ಇಷ್ಟು ಶಿಸ್ತು ಇದೆ ಈ ಕಥೆಗಳಲ್ಲಿ. ಕಿರಣದ ಪ್ರಭಾವ ಸ್ವಲ್ಪ ದಿನಕ್ಕೆ ಇಳಿದುಹೋಗುತ್ತದೆ, ಅವನು ತಾನಾಗಿಯೇ ಭೂಮಿಗೆ ವಾಪಸ್ಸು. ರಾನ್‌ನಲ್ಲಿ ಅವನು ಪ್ರೀತಿಸುವ ಅಲಾನಾ ಇದ್ದಾಳೆ. ವಿರಹಕ್ಕೂ ಕಾರಣ ಭೌತಶಾಸ್ತ್ರವೇ. ಮತ್ತೆ ಪ್ರತಿ ಕಥೆಯಲ್ಲೂ ರಾನ್‌ಗೆ ಬರುವ ಆಪತ್ತನ್ನು ಅವನು ಬಡಿದಾಟದಿಂದ ಗೆಲ್ಲುವುದು ಕಡಿಮೆ, ತಲೆ ಓಡಿಸಿ ಗೆಲ್ಲುವುದು ಜಾಸ್ತಿ.

ನಿಮ್ಮ ಮಗನಿಗೆ ಆಲ್ಫಾ ಸೆಂಟಾರಿಯನ್ನೇ ತೋರಿಸಬಹುದು ಗೊತ್ತಾ. ಅಮೆರಿಕದಲ್ಲಿ ಈ ಪುಸ್ತಕ ಕೊಂಡ ಹುಡುಗರಲ್ಲಿ ಹೆಚ್ಚಿನವರಿಗೆ ಅದು ಕಾಣುತ್ತಿರಲಿಲ್ಲ, ದಿಗಂತದ ಕೆಳಗೇ ಉಳಿದುಬಿಡುತ್ತದೆ. ನಮಗೆ ಕಾಣುತ್ತದೆ. ಮೇ ಮಧ್ಯದಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ನೇರ ದಕ್ಷಿಣಕ್ಕೆ, ತುಂಬಾ ಕೆಳಗೆ ನೋಡಬೇಕು. ಬೆಂಗಳೂರಿನ ಅಕ್ಷಾಂಶದಲ್ಲಿ ದಿಗಂತದಿಂದ 16 ಡಿಗ್ರಿ ಎತ್ತರ ಅಷ್ಟೇ. ಮರ, ಕಟ್ಟಡ ಅಡ್ಡ ಇಲ್ಲದ ಬಯಲಿಗೆ ಹೋಗಿ.

ಈಗ ಇನ್ನೊಂದು ಕಡೆ ಬರೋಣ. ಶ್ವಾರ್ಟ್ಜ್ ಕಥೆಗಳಲ್ಲಿ ಎಲ್ಲವೂ ಹಸನಾಗಿ ಇರುತ್ತದೆ, ರಕ್ತ ಇಲ್ಲ, ಭಯ ಇಲ್ಲ, ಪೊಲೀಸರೆಲ್ಲ ಒಳ್ಳೆಯವರು. ಅದಕ್ಕೆ ಕಾರಣ 1954. ಆ ವರ್ಷ ಫ್ರೆಡ್ರಿಕ್ ವರ್ಥಮ್ ಅನ್ನುವ ಮನೋವೈದ್ಯರು ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಿದ್ದಾರೆ ಅಂತ ಪುಸ್ತಕ ಬರೆದರು, ಸೆನೆಟ್ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು, ಹೆದರಿದ ಪ್ರಕಾಶಕರು ತಾವೇ ಸೇರಿ ಕಾಮಿಕ್ಸ್ ಕೋಡ್ ಅಂತ ಒಂದು ನಿಯಮಾವಳಿ ಮಾಡಿಕೊಂಡರು. ಅದರ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗೆ ಮುಟ್ಟಿಸುವುದೇ ಕಷ್ಟವಾಯಿತು. ಇದರಲ್ಲಿ ಮುಳುಗಿದ್ದು ಇಸಿ ಕಾಮಿಕ್ಸ್, ವಿಲಿಯಂ ಗೇನ್ಸ್ ಅವರ ಸಂಸ್ಥೆ. ನನ್ನನ್ನು ಕೇಳಿದರೆ ಆ ಕಾಲದ ಅತಿ ದೊಡ್ಡ ಸೈನ್ಸ್ ಫಿಕ್ಷನ್ ಕಾಮಿಕ್ಸ್ ಇಸಿಯ 'ವಿಯರ್ಡ್ ಸೈನ್ಸ್' ಮತ್ತು 'ವಿಯರ್ಡ್ ಫ್ಯಾಂಟಸಿ'. ಎರಡೂ 1950ರಲ್ಲಿ ಶುರುವಾದವು. ಸಂಪಾದಕ ಮತ್ತು ಮುಖ್ಯ ಲೇಖಕ ಆಲ್ ಫೆಲ್ಡ್‌ಸ್ಟೀನ್, ಚಿತ್ರ ಬರೆದವರಲ್ಲಿ ವಾಲಿ ವುಡ್, ಆಲ್ ವಿಲಿಯಮ್ಸನ್, ಜೋ ಒರ್ಲ್ಯಾಂಡೊ. ಬ್ರಾಡ್ಬರಿಯ ಎರಡು ಕಥೆಗಳನ್ನು ಕೇಳದೆಯೇ ಬೆರೆಸಿ 1952ರಲ್ಲಿ ಒಂದು ಕಾಮಿಕ್ಸ್ ಮಾಡಿದಾಗ, ಬ್ರಾಡ್ಬರಿ ಜಗಳ ತೆಗೆಯಲಿಲ್ಲ. ನೀವು 50 ಡಾಲರ್ ಕಳಿಸುವುದು ಮರೆತಿರಬೇಕು ಅಂತ ಕಾಗದ ಬರೆದರು. ದುಡ್ಡು ಹೋಯಿತು, ಆಮೇಲೆ ಅವರ ಒಪ್ಪಿಗೆಯಿಂದಲೇ ಒಂದಾದ ಮೇಲೊಂದು ಕಥೆ ಬಂದವು.

ಇಸಿಯಲ್ಲಿ ಒಂದೇ ಕಥೆ ಓದುವುದಾದರೆ 'ಜಡ್ಜ್‌ಮೆಂಟ್ ಡೇ' ಓದಿ. 1953ರ 'ವಿಯರ್ಡ್ ಫ್ಯಾಂಟಸಿ' 18ನೇ ಸಂಚಿಕೆ, ಫೆಲ್ಡ್‌ಸ್ಟೀನ್ ಬರಹ, ಒರ್ಲ್ಯಾಂಡೊ ಚಿತ್ರ. ಬರೀ ಏಳು ಪುಟ. ಕೊನೆ ಹೇಳದೆ ಇದರ ಬಗ್ಗೆ ಮಾತಾಡಲು ಆಗುವುದಿಲ್ಲ, ಹಾಗಾಗಿ ಕೊನೆ ಗೊತ್ತಾಗುವುದು ಬೇಡ ಅನ್ನುವುದಾದರೆ ಮುಂದಿನ ಒಂದು ಪ್ಯಾರಾ ಬಿಟ್ಟುಬಿಡಿ.

ರೋಬಾಟ್‌ಗಳ ಗ್ರಹ ಒಂದಿದೆ. ಮನುಷ್ಯರೇ ಮಾಡಿ, ತಾವಾಗಿ ಬೆಳೆಯಲಿ ಅಂತ ಬಿಟ್ಟುಹೋದ ರೋಬಾಟ್‌ಗಳು. ಅವರನ್ನು ಗ್ರಹಗಳ ಒಕ್ಕೂಟಕ್ಕೆ ಸೇರಿಸಿಕೊಳ್ಳಬಹುದಾ ಅಂತ ಪರೀಕ್ಷಿಸಲು ಭೂಮಿಯಿಂದ ಟಾರ್ಲ್‌ಟನ್ ಅನ್ನುವ ಅಧಿಕಾರಿ ಬರುತ್ತಾನೆ. ಕಥೆಯುದ್ದಕ್ಕೂ ಅವನ ತಲೆ ಮೇಲೆ ಶಿರಸ್ತ್ರಾಣ, ಮುಖ ಕಾಣುವುದಿಲ್ಲ. ಒಂದು ಕಿತ್ತಳೆ ಬಣ್ಣದ ರೋಬಾಟ್ ಹೆಮ್ಮೆಯಿಂದ ಊರು ತೋರಿಸುತ್ತದೆ, ರೋಬಾಟ್ ತಯಾರಾಗುವ ಕಾರ್ಖಾನೆ ತೋರಿಸುತ್ತದೆ. ನೀಲಿ ರೋಬಾಟ್‌ಗಳು ಎಲ್ಲಿ ಅಂತ ಟಾರ್ಲ್‌ಟನ್ ಕೇಳುತ್ತಾನೆ. ಅವರು ಊರಿನ ಇನ್ನೊಂದು ಕಡೆ ಇರುತ್ತಾರೆ, ಬಸ್ಸಿನಲ್ಲಿ ಹಿಂದೆ ಕೂರುತ್ತಾರೆ. ಅವನು ನೀಲಿಯವರ ಕಾರ್ಖಾನೆಗೂ ಹೋಗಿ ಹಂತಹಂತವಾಗಿ ನೋಡುತ್ತಾನೆ. ಅದೇ ಲೋಹ, ಅದೇ ತಂತಿ, ಅದೇ ಮಿದುಳು. ಹೊರಗಿನ ಕವಚದ ಬಣ್ಣ ಬೇರೆ, ಮತ್ತೆ ಕೊನೆಯ ಹಂತದಲ್ಲಿ ತಲೆಗೆ ತುಂಬುವ ಪಾಠ ಬೇರೆ. ನೀವು ಇನ್ನೂ ಸಿದ್ಧರಾಗಿಲ್ಲ ಅಂತ ಹೇಳಿ ಅವನು ಹೊರಡುತ್ತಾನೆ. ಹಾಗಾದರೆ ನಮಗೆ ಆಸೆಯೇ ಇಲ್ವಾ ಅಂತ ಮಾರ್ಗದರ್ಶಿ ರೋಬಾಟ್ ಕೇಳಿದಾಗ ಖಂಡಿತ ಇದೆ ಅನ್ನುತ್ತಾನೆ, ಭೂಮಿಯವರೂ ಒಂದು ಕಾಲದಲ್ಲಿ ಹೀಗೇ ಇದ್ದರು. ಕೊನೆಯ ಚೌಕದಲ್ಲಿ ರಾಕೆಟ್ಟಿನೊಳಗೆ ಶಿರಸ್ತ್ರಾಣ ತೆಗೆಯುತ್ತಾನೆ. ಅವನು ಕಪ್ಪು ಮನುಷ್ಯ. ಅವನ ಮುಖದ ಬೆವರ ಹನಿಗಳು ದೂರದ ನಕ್ಷತ್ರಗಳ ಹಾಗೆ ಮಿನುಗುತ್ತವೆ.

ಇಸಿ ಸಾಯುವ ಕಾಲಕ್ಕೆ, 1956ರ ಫೆಬ್ರವರಿ ತಾರೀಖಿನ 'ಇನ್ಕ್ರೆಡಿಬಲ್ ಸೈನ್ಸ್ ಫಿಕ್ಷನ್' 33ನೇ ಸಂಚಿಕೆಗೆ ತಯಾರಾಗಿದ್ದ ಒಂದು ಕಥೆಯನ್ನು ಕೋಡ್‌ನವರು ತಿರಸ್ಕರಿಸಿದರು. ಅದರ ಜಾಗಕ್ಕೆ 'ಜಡ್ಜ್‌ಮೆಂಟ್ ಡೇ'ಯನ್ನು ಮತ್ತೆ ಹಾಕಲು ಹೊರಟರೆ, ಕೋಡ್‌ನ ಮುಖ್ಯಸ್ಥ ಚಾರ್ಲ್ಸ್ ಮರ್ಫಿ ಆ ಗಗನಯಾತ್ರಿ ಕಪ್ಪಾಗಿರಬಾರದು ಅಂದರು. ಅವನು ಕಪ್ಪಾಗಿಲ್ಲದಿದ್ದರೆ ಕಥೆಯೇ ಇಲ್ಲ. ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಬಸ್ ಬಹಿಷ್ಕಾರ ಶುರುವಾದದ್ದು 1955ರ ಡಿಸೆಂಬರ್‌ನಲ್ಲಿ, ಹೆಚ್ಚುಕಡಿಮೆ ಅದೇ ದಿನಗಳು ಅಂತ ನೆನಪಿಡಿ. ಗೇನ್ಸ್ ಬಗ್ಗಲಿಲ್ಲ, ಪತ್ರಿಕೆಯವರನ್ನು ಕರೆದು ಎಲ್ಲ ಹೇಳುತ್ತೇನೆ ಅಂತ ಬೆದರಿಸಿ ಒಂದು ಗೆರೆಯೂ ಬದಲಾಗದಂತೆ ಅಚ್ಚು ಹಾಕಿಸಿದರು. ಇಸಿ ಹೊರತಂದ ಕೊನೆಯ ಕಾಮಿಕ್ಸ್ ಪುಸ್ತಕ ಅದೇ. ಈ ಕಥೆ ಓದುವಾಗ ನನಗೆ ಪ್ರತಿ ಸಲ ಎದೆ ತುಂಬಿ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬಸ್ಸು, ಕೇರಿ, ಶಾಲೆ ಅಂತೆಲ್ಲ ನಮ್ಮ ಊರುಗಳಲ್ಲೂ ಗೆರೆ ಎಳೆದವರು ಇದ್ದಾರೆ, ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಅಮೆರಿಕದ ಇತಿಹಾಸ ಗೊತ್ತಿರಬೇಕಾಗಿಯೇ ಇಲ್ಲ.

ಮಾರ್ವೆಲ್ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ, ಯಾಕೆಂದರೆ ಅದು ಎಲ್ಲರಿಗೂ ಗೊತ್ತಿದೆ. 1961ರ ಏಪ್ರಿಲ್‌ನಲ್ಲಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋದರು. ಅದೇ ವರ್ಷ ನವೆಂಬರ್ ತಾರೀಖಿನಲ್ಲಿ ಬಂದ 'ಫೆಂಟಾಸ್ಟಿಕ್ ಫೋರ್' ಮೊದಲ ಸಂಚಿಕೆಯಲ್ಲಿ ನಾಲ್ವರು ಕಮ್ಯುನಿಸ್ಟರಿಗಿಂತ ಮುಂದೆ ಹೋಗಬೇಕು ಅನ್ನುವ ಅವಸರದಲ್ಲಿ ರಾಕೆಟ್ ಹತ್ತುತ್ತಾರೆ, ವಿಶ್ವಕಿರಣಗಳಿಗೆ ಸಿಕ್ಕು ಬದಲಾಗುತ್ತಾರೆ. ಬೇಡ ಅಂತ ಎಚ್ಚರಿಸಿದ್ದ ಬೆನ್ ಗ್ರಿಮ್ ರಾಕ್ಷಸ ರೂಪಕ್ಕೆ ತಿರುಗುತ್ತಾನೆ, ಮತ್ತೆ ಮನುಷ್ಯನಾಗಲು ಆಗುವುದಿಲ್ಲ. ಮುಂದಿನ ವರ್ಷ ಹಲ್ಕ್‌ಗೆ ಗಾಮಾ ಬಾಂಬು, ಸ್ಪೈಡರ್‌ಮ್ಯಾನ್‌ಗೆ ವಿಕಿರಣ ತಾಗಿದ ಜೇಡ. ಬ್ಯಾರಿ ಆಲನ್‌ಗೆ ಪ್ರಯೋಗಾಲಯದ ಅಪಘಾತ ವರವಾದರೆ ಸ್ಟ್ಯಾನ್ ಲೀ, ಜಾಕ್ ಕರ್ಬಿ ಮತ್ತು ಸ್ಪೈಡರ್‌ಮ್ಯಾನ್ ಚಿತ್ರ ಬರೆದ ಸ್ಟೀವ್ ಡಿಟ್ಕೊ ಕಥೆಗಳಲ್ಲಿ ಅದೇ ಅಪಘಾತಕ್ಕೆ ಬೆಲೆ ಕಟ್ಟಬೇಕು. ವಿಕಿರಣ ಬಿದ್ದರೆ ಗೋಡೆ ಹತ್ತುವ ಶಕ್ತಿ ಬರುವುದಿಲ್ಲ ನಿಜ. ಆದರೆ ಅಣುಬಾಂಬಿನ ಭಯದಲ್ಲಿ ಬದುಕಿದ ಜನರ ಸೈನ್ಸ್ ಫಿಕ್ಷನ್ ಹೀಗಲ್ಲದೆ ಇನ್ನು ಹೇಗಿರಲು ಸಾಧ್ಯ?

ಕೊರತೆಗಳನ್ನೂ ಹೇಳಿಬಿಡಬೇಕು. ಹೆಂಗಸರ ಪಾತ್ರಗಳು ಬಹುಪಾಲು ಬೇಸರ ತರಿಸುತ್ತವೆ. ಐರಿಸ್‌ಗೆ ಬ್ಯಾರಿ ನಿಧಾನ ಅಂತ ರೇಗುವುದೇ ಕೆಲಸ, ಲೋಯಿಸ್ ಲೇನ್‌ಗೆ ಸೂಪರ್‌ಮ್ಯಾನ್‌ನ ಗುಟ್ಟು ಹಿಡಿಯುವುದೇ ಕೆಲಸ. ಶ್ವಾರ್ಟ್ಜ್ ಕಥೆಗಳ ಭವಿಷ್ಯದಲ್ಲಿ ಎಲ್ಲರೂ ಬಿಳಿಯರು. ಬರೆದವರ ಹೆಸರು ಎಷ್ಟೋ ಕಥೆಗಳಲ್ಲಿ ಇರುವುದೇ ಇಲ್ಲ. ಸೀಗಲ್ ಮತ್ತು ಶುಸ್ಟರ್ ಸೂಪರ್‌ಮ್ಯಾನ್ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು, ಅವರ ಹೆಸರು ಮತ್ತೆ ಕಾಮಿಕ್ಸ್ ಮೇಲೆ ಬರಲು, ಪಿಂಚಣಿ ಸಿಗಲು 1975ರ ಕೊನೆಯವರೆಗೆ ಕಾಯಬೇಕಾಯಿತು. ಇದು ಈ ಉದ್ಯಮದ ದೊಡ್ಡ ಅನ್ಯಾಯ.

ಹಾಗಾದರೆ ಶುರು ಎಲ್ಲಿಂದ? ನೀವು ಮೊದಲು ಆ್ಯಡಂ ಸ್ಟ್ರೇಂಜ್ ಹಿಡಿಯಿರಿ, ಮಗನಿಗೆ ಫ್ಲ್ಯಾಶ್ ಇರಲಿ. ಆಮೇಲೆ ಇಬ್ಬರೂ ಸೇರಿ 123ನೇ ಸಂಚಿಕೆ. 'ಜಡ್ಜ್‌ಮೆಂಟ್ ಡೇ' ಅವನಿಗೂ ಕೊಡಿ, ಆದರೆ ಇಸಿಯ ಉಳಿದ ಕಥೆಗಳನ್ನು ನೀವು ಮೊದಲು ನೋಡಿ ಕೊಡಿ, ಕೆಲವು ಚಿಕ್ಕ ಮಕ್ಕಳಿಗೆ ಜಾಸ್ತಿಯಾಗುತ್ತವೆ. ಸೂಪರ್‌ಮ್ಯಾನ್ ಕಡೆಯಿಂದ ಒಂದೇ ಒಂದು ಹೇಳುತ್ತೇನೆ, 1963ರ 'ಆ್ಯಕ್ಷನ್ ಕಾಮಿಕ್ಸ್' 300ನೇ ಸಂಚಿಕೆ. ಬರೆದವರು ಎಡ್ಮಂಡ್ ಹ್ಯಾಮಿಲ್ಟನ್, 1920ರ ದಶಕದಿಂದಲೇ ಸೈನ್ಸ್ ಫಿಕ್ಷನ್ ಬರೆಯುತ್ತಿದ್ದವರು. ಹಳದಿ ಸೂರ್ಯನಿಂದ ಸೂಪರ್‌ಮ್ಯಾನ್‌ಗೆ ಶಕ್ತಿ ಅನ್ನುವ ನಿಯಮ ಅಷ್ಟರಲ್ಲಿ ಬಂದಾಗಿತ್ತು. ಹ್ಯಾಮಿಲ್ಟನ್ ಅವನನ್ನು ಬಹಳ ದೂರದ ಭವಿಷ್ಯಕ್ಕೆ ಕಳಿಸುತ್ತಾರೆ, ಅಲ್ಲಿ ಸೂರ್ಯನಿಗೇ ವಯಸ್ಸಾಗಿ ಕೆಂಪಾಗಿದೆ. ಶಕ್ತಿ ಹೋಯಿತು, ವಾಪಸ್ಸು ಬರಲು ವೇಗವೂ ಇಲ್ಲ, ಭೂಮಿಯಲ್ಲಿ ಜನರೂ ಇಲ್ಲ. ನಿಯಮವನ್ನು ಕೊನೆಯವರೆಗೆ ಎಳೆದರೆ ಏನಾಗುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಕಥೆ ಕಡಿಮೆ.

ಒಂದೇ ಕೂರಿಕೆಯಲ್ಲಿ ಹತ್ತು ಸಂಚಿಕೆ ಓದಬೇಡಿ. ಇವು ತಿಂಗಳಿಗೋ ಎರಡು ತಿಂಗಳಿಗೋ ಒಂದು ಬರುತ್ತಿದ್ದ ಪುಸ್ತಕಗಳು, ಪ್ರತಿ ಸಲವೂ ಹೊಸ ಓದುಗನಿಗಾಗಿ ಹಳೆ ವಿಷಯವನ್ನೇ ಮತ್ತೆ ಹೇಳುತ್ತವೆ, ಒಟ್ಟಿಗೆ ಓದಿದರೆ ಅದು ತಲೆನೋವು. ಸಂಚಿಕೆಯ ಮೇಲಿನ ತಿಂಗಳು ನಿಜವಾಗಿ ಮಾರಾಟಕ್ಕೆ ಬಂದ ತಿಂಗಳಲ್ಲ ಅನ್ನುವುದೂ ಗೊತ್ತಿರಲಿ, ಅಂಗಡಿಯಲ್ಲಿ ಹೆಚ್ಚು ದಿನ ಇರಲಿ ಅಂತ ಎರಡು ಮೂರು ತಿಂಗಳು ಮುಂದಿನದನ್ನು ಹಾಕುತ್ತಿದ್ದರು. ಮೂಲ ಸಂಚಿಕೆಗಳ ಆಸೆ ಬೇಡ, ಬೆಲೆ ಕೈಗೆಟುಕುವುದಿಲ್ಲ. 'ಶೋಕೇಸ್ ಪ್ರೆಸೆಂಟ್ಸ್' ಹೆಸರಿನ ದಪ್ಪ ಕಪ್ಪು-ಬಿಳುಪು ಸಂಪುಟಗಳು ಹಳೆ ಪುಸ್ತಕದ ಅಂಗಡಿಗಳಲ್ಲಿ, ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆ, ಆಗಾಗ ಸಿಗುತ್ತವೆ. ಬಣ್ಣ ಇಲ್ಲ ಅಂತ ಬಿಡಬೇಡಿ, ಇನ್ಫಂಟೀನೊ ಗೆರೆ ಅವುಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ದುಡ್ಡು ಹಾಕುವ ಮೊದಲು ರುಚಿ ನೋಡಬೇಕು ಅಂದರೆ 'ಪ್ಲಾನೆಟ್ ಕಾಮಿಕ್ಸ್' ಇದೆ. 1940ರಿಂದ 1953ರವರೆಗೆ 73 ಸಂಚಿಕೆ ಬಂದವು. ಹಕ್ಕುಸ್ವಾಮ್ಯ ಮುಗಿದ ಕಾಮಿಕ್ಸ್‌ಗಳನ್ನು ಒಟ್ಟುಗೂಡಿಸಿರುವ 'ಕಾಮಿಕ್ ಬುಕ್ ಪ್ಲಸ್' ಮತ್ತು 'ಡಿಜಿಟಲ್ ಕಾಮಿಕ್ ಮ್ಯೂಸಿಯಂ' ತಾಣಗಳಲ್ಲಿ ಅದನ್ನು ಪುಕ್ಕಟೆಯಾಗಿ ಓದಬಹುದು. ಅದರಲ್ಲಿ ಸೈನ್ಸ್ ನಿಜಕ್ಕೂ ಕಡಿಮೆ, ರಾಕೆಟ್ಟು ಮತ್ತು ಬಡಿದಾಟ ಜಾಸ್ತಿ. ಅದನ್ನು ಒಂದೆರಡು ಸಂಚಿಕೆ ಓದಿ ಆಮೇಲೆ ಆ್ಯಡಂ ಸ್ಟ್ರೇಂಜ್‌ಗೆ ಬಂದರೆ ಶ್ವಾರ್ಟ್ಜ್ ಮಾಡಿದ ಕೆಲಸ ಏನು ಅಂತ ನಿಮಗೇ ಕಾಣುತ್ತದೆ.